ಮನೆಯೊಳಗಿನ ಕೊನೇ ಭಾಗ

ಕನ್ನಂಬಾಡಿ ಕಟ್ಟೆಯಿಂದ ಬರುವ ವಿ.ಸಿ. ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೇ ಭಾಗಕ್ಕೆ ತಲುಪಲಿಲ್ಲ ಎಂಬ ಕೂಗು ಮಂಡ್ಯ ಜಿಲ್ಲೆಗೆ ಹೊಸದಲ್ಲ. ಕಟ್ಟೆ ತುಂಬಿದ್ದರೂ ಸೀಳುನಾಲೆಯಲ್ಲಿ ಹೂಳಿದ್ದರೆ ಗದ್ದೆ ಒಣಗುತ್ತದೆ. ಈ ಊರುಗಳ ಮನೆಗಳಲ್ಲಿ ಇಂಟರ್‌ನೆಟ್‌ನ ಪಾಡೂ ಹೀಗೇ ಆಗಿದೆ. ಬೀದಿಕಂಬದ ಫೈಬರ್ ಹಜಾರದ ಮೂಲೆವರೆಗೆ ಬರುತ್ತದೆ. ಮಹಡಿಯಲ್ಲಿ ಓದಲು ಕೂತ ಮಗಳ ಲ್ಯಾಪ್‌ಟಾಪನ್ನು ಮುಟ್ಟುವುದಿಲ್ಲ. ಮನೆಯವರು ಕಂಪನಿಯನ್ನು ಬೈದು, ಇನ್ನೂ ದುಬಾರಿ ಪ್ಲಾನಿಗೆ ದುಡ್ಡು ಕಟ್ಟುತ್ತಾರೆ. ತೂಬನ್ನು ಇನ್ನಷ್ಟು ಎತ್ತಿದರೆ ಹೂಳು ಹೋದೀತೇ?

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಎಂಬ ಬ್ರಾಡ್‌ಬ್ಯಾಂಡ್ ಸೇವೆ ಶುರುಮಾಡಿದಾಗ ಹೊಸ ತಂತಿ ಎಳೆಯಬೇಕಾಗಿರಲಿಲ್ಲ. ಫೋನಿನ ಎರಡೆಳೆ ತಾಮ್ರವೇ ಸಾಕಾಗಿತ್ತು. ಮಾತು 4 ಕಿಲೋಹರ್ಟ್ಸ್‌ನ ಒಳಗೇ ಮುಗಿಯುತ್ತದೆ, ಡೇಟಾ ಅದರಿಂದ ಬಹಳ ಮೇಲೆ ಹರಿಯುತ್ತದೆ. ಎರಡನ್ನೂ ಬೇರ್ಪಡಿಸಲು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಆಗ 256 ಕಿಲೋಬಿಟ್ ಸಿಕ್ಕರೆ ಅದೇ ಬ್ರಾಡ್‌ಬ್ಯಾಂಡ್. ಅದೇ ವರ್ಷ ಕೇಂದ್ರ ಸರ್ಕಾರ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಲೈಸೆನ್ಸಿನ ಕಟ್ಟು ಸಡಿಲಿಸಿತು. ಅದು ನಮ್ಮ ಮನೆಗಳಿಗೆ ನಿರಾತಂಕವಾಗಿ ಬಂದದ್ದು ಹಾಗೆ.

ಮನೆಯೊಳಗಿನ ಫೋನ್ ತಂತಿಯಲ್ಲೇ ಕಂಪ್ಯೂಟರುಗಳನ್ನು ಬೆಸೆಯುವ ಹೋಮ್‌ಪಿಎನ್‌ಎ ಎಂಬ ವಿಧಾನ 1998ರಿಂದ ಅಮೆರಿಕದಲ್ಲಿ ಬೆಳೆಯಿತು. ಮೊದಲು 1 ಮೆಗಾಬಿಟ್, ಆಮೇಲೆ 10. ಅಲ್ಲಿ ಕೋಣೆಕೋಣೆಗೂ ಫೋನ್ ಜ್ಯಾಕ್ ಇದ್ದದ್ದರಿಂದ ಅದು ಒಪ್ಪಿತು. ನಮ್ಮಲ್ಲಿ ಆಗ ಸಾಮಾನ್ಯವಾಗಿ ಮನೆಗೊಂದೇ ಫೋನ್ ಇತ್ತು, ಅದೂ ಹಜಾರದಲ್ಲಿ. ಹಾಗಾಗಿ ಎಲ್ಲ ಭಾರವೂ ವೈಫೈ ಮೇಲೆ ಬಿತ್ತು.

ವೈಫೈಗೆ ಗೋಡೆ ಶತ್ರು. ಹಳೆಯ ತೊಟ್ಟಿ ಮನೆಯ ದಪ್ಪ ಮಣ್ಣಿನ ಗೋಡೆ, ಹೊಸ ಮನೆಯ ಕಬ್ಬಿಣ ತುಂಬಿದ ಆರ್‌ಸಿಸಿ, ಗಾಡ್ರೇಜ್ ಬೀರು, ಎಲ್ಲವೂ ತರಂಗವನ್ನು ತಿನ್ನುತ್ತವೆ. 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ, 2.4 ನಿಧಾನ, ಆದರೆ ದೂರ ಹೋಗುತ್ತದೆ. ರೂಟರನ್ನು ಟಿವಿಯ ಹಿಂದೆ ಬಚ್ಚಿಡದೆ ಮನೆಯ ನಡುವೆ, ಎತ್ತರದಲ್ಲಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸವಾಗುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ರಿಪೀಟರ್ ಸಿಕ್ಕಿಸಿ ಬೇಸರಪಡುವವರು ಬಹಳ. ಅದು ಇರಬೇಕಾದ್ದು ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ. ಆಗಲೂ ಒಂದೇ ಚಾನೆಲ್ಲಿನಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ.

 

ನಿಜವಾದ ದಾರಿ ತಂತಿಯೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, ಹತ್ತಿರಹತ್ತಿರ 150 ಕಿಲೋಮೀಟರ್ ದೂರಕ್ಕೆ ಕರೆಂಟ್ ಹರಿಸಿದ ಸೀಮೆಯಿದು. ಹಜಾರದಿಂದ ಮಹಡಿಗೆ ಮೂವತ್ತಡಿ ತಂತಿ ಎಳೆಯಲು ಹಿಂಜರಿಯಬೇಕಿಲ್ಲ. ಎಂಟೆಳೆಯ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ಹೊರುತ್ತದೆ. ಹಳೆಯ ಫೋನ್ ತಂತಿ ಗೋಡೆಯೊಳಗಿನ ಪೈಪಿನಲ್ಲಿದ್ದರೆ ಅದನ್ನು ಕತ್ತರಿಸಿ ಎಸೆಯಬಾರದು. ಅದರ ತುದಿಗೇ ಲ್ಯಾನ್ ಕೇಬಲ್ ಕಟ್ಟಿ ಆ ಕಡೆಯಿಂದ ಎಳೆದರೆ, ಪೈಪಿಗೆ ಬಿಗಿಯಾದ ತಿರುವುಗಳಿಲ್ಲದಿದ್ದರೆ, ಗೋಡೆ ಒಡೆಯದೆ ಹೊಸ ದಾರಿಯಾಗುತ್ತದೆ. ಮಹಡಿಯಲ್ಲಿ ಅದರ ತುದಿಗೆ ಇನ್ನೊಂದು ರೂಟರ್ ಇಟ್ಟರಾಯಿತು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸಂವಹನ ವ್ಯವಸ್ಥೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ಮಂಡ್ಯದ ಹೊಸ ಬಡಾವಣೆಗಳಲ್ಲಿ, ಮದ್ದೂರು, ಮಳವಳ್ಳಿಯಲ್ಲಿ ಮನೆ ಕಟ್ಟುವವರು ನೀರಿಗೆ, ಕರೆಂಟಿಗೆ ಪೈಪು ಬಿಡುವಾಗ ನೆಟ್ಟಿಗೂ ಒಂದು ಕೇಳಬೇಕು. ಮೋಲ್ಡ್ ಹಾಕುವ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಹಜಾರದಿಂದ ಮಹಡಿಗೂ ಓದುವ ಕೋಣೆಗೂ ಕರೆಂಟ್ ತಂತಿಯಿಂದ ದೂರವಾಗಿ ಒಂದು ಖಾಲಿ ಪೈಪು, ಅದರೊಳಗೆ ಒಂದು ನೈಲಾನ್ ದಾರ ಬಿಡಿಸಿಕೊಳ್ಳಬೇಕು. ಕೇಬಲ್ ಬೇಕಾದಾಗ ಎಳೆದುಕೊಳ್ಳಬಹುದು.