ಹವಳದ ತೊಟ್ಟಿಯಲ್ಲಿ ಮಿತಾಹಾರ

ನಮ್ಮ ದೇಶದಲ್ಲಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು. ಅದನ್ನು ಕಡಲಿನಿಂದ ಕಿತ್ತು ಮನೆಗೆ ತರಲಾಗದು. ಆದರೆ ಅಮೆರಿಕಾದಿ ದೇಶಗಳಲ್ಲಿ ಕೆಲವು ಗೃಹಸ್ಥರು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಜೀವಂತ ಹವಳವನ್ನು ಮೀನುಗಳೊಡನೆ ಸಾಕುವರು. ಅಂಥವರನ್ನು ಬಹುವಾಗಿ ಕಾಡುವುದು ಫಾಸ್ಫೇಟೆಂಬ ರಂಜಕದ ಲವಣ.

ಅದು ತೊಟ್ಟಿಗೆ ಸೇರುವುದು ಹೆಚ್ಚಾಗಿ ಸಾಕುವವರ ಕೈಯಿಂದಲೇ. ಮೀನಿನ ಆಹಾರದಲ್ಲಿ ರಂಜಕವಿರುವುದು. ತಿಂದುದರ ಮಲವೂ ತಿನ್ನದೆ ಉಳಿದುದೂ ಕೊಳೆತು ಫಾಸ್ಫೇಟಾಗುವುದು. ಅದು ಮಿತಿಮೀರಿದರೆ ಪಾಚಿ ಮುಸುಕುವುದಲ್ಲದೆ, ಹವಳವು ತನ್ನ ಸುಣ್ಣದ ಒಡಲನ್ನು ಕಟ್ಟಿಕೊಳ್ಳುವ ಕಾರ್ಯಕ್ಕೂ ತಡೆಯುಂಟಾಗುವುದು.

ಹಾಗೆಂದು ಅದನ್ನು ಪೂರಾ ತೊಡೆದುಹಾಕುವುದು ವಿವೇಕವಲ್ಲ. ರಂಜಕವಿಲ್ಲದೆ ಯಾವ ಜೀವವೂ ಬಾಳದು. ಅದು ತೀರ ಬರಿದಾದರೆ, ಹವಳದೊಳಗಿದ್ದು ಅದಕ್ಕೆ ಅನ್ನವೀಯುವ ಸೂಕ್ಷ್ಮಪಾಚಿ ಸೊರಗಿ, ಹವಳವೇ ಬಿಳಿಚಬಹುದು. ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇರಿಸುವುದು ಅನೇಕ ಸಾಕಣೆಗಾರರ ರೂಢಿ.

ಮೊದಲ ಮದ್ದು ಮಿತವಾದ ಉಣಿಸೆಂದು ನಾವು ಹೇಳುವೆವು. ಮೀನುಗಳು ಕೂಡಲೇ ತಿಂದು ಮುಗಿಸುವಷ್ಟನ್ನೇ ಹಾಕತಕ್ಕದ್ದು. ಎರಡನೆಯದು, ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸಿ, ಆಗಾಗ್ಗೆ ಸ್ವಲ್ಪ ನೀರನ್ನು ಬದಲಿಸುವುದು. ಅದರಿಂದಲೂ ಇಳಿಯದಿದ್ದರೆ, ಫಾಸ್ಫೇಟನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಕೊಂಚಕೊಂಚವಾಗಿ, ನೀರನ್ನು ಪರೀಕ್ಷಿಸುತ್ತ ಬಳಸಬೇಕು. ತೊಟ್ಟಿಯ ಸುಣ್ಣಕಲ್ಲು ಹಿಂದೆ ಹೀರಿದ ಫಾಸ್ಫೇಟನ್ನು ಮೆಲ್ಲನೆ ಮರಳಿ ಬಿಡುವುದರಿಂದ, ಇಳಿದ ಅಂಕವು ಮತ್ತೆ ಏರುವುದುಂಟು. ಧೃತಿಗೆಟ್ಟು ಒಮ್ಮೆಗೇ ಮದ್ದು ಸುರಿಯಬಾರದು.

ಬಾಯ್ದೆರೆದು ಬಂದ ಮೀನಿಗೆ ಇನ್ನೊಂದು ಚಿಟಿಕೆ ಹಾಕುವುದು ಮಮತೆಯೇ ಸರಿ; ಆದರೆ ಅದರ ಬೆಲೆಯನ್ನು ತೆರುವುದು ಅಲುಗಾಡಲಾರದ ಹವಳ.