ಯಾವುದಕ್ಕೆ ಒಗ್ಗಿಕೊಳ್ಳಬೇಕು?

ಮಕ್ಕಳೇ, ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿ ನಮ್ಮ ಮನಸ್ಸು ಅದಕ್ಕೆ ಒಗ್ಗಿಹೋಗುವುದನ್ನು ಡಿಸೆನ್ಸಿಟೈಸೇಶನ್ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುದ್ದಿಸಿದ.

ಹಾಗಾಗಿ, ನೀರಿಗೆ ಹೆದರುವವನನ್ನು ಕೆರೆಗೆ ತಳ್ಳಿದರೆ ಧೈರ್ಯ ಬರುತ್ತೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಭಯ ಇನ್ನೂ ಹೆಚ್ಚಬಹುದು. ಮೊದಲು ಮೆಟ್ಟಿಲ ಮೇಲೆ ಕೂತು ಕಾಲು ನೆನೆಸಲಿ.

ಆದರೆ ಒಗ್ಗಿಕೊಳ್ಳಬಾರದ್ದೂ ಇದೆ. ತರಗತಿಯಲ್ಲಿ ಒಬ್ಬನನ್ನು ದಿನಾ ಗೇಲಿ ಮಾಡುತ್ತಿದ್ದರೆ, ನೋಡಿ ನೋಡಿ ನಮಗದು ಮಾಮೂಲಾಗಿಬಿಡುತ್ತದೆ. ಅವನಿಗೆ ಮಾತ್ರ ದಿನವೂ ನೋವೇ. ನಾಳೆ ಅವನ ಪಕ್ಕ ಹೋಗಿ ಕೂತುಕೊಳ್ಳಿ.