ಕೊನೆಗಾಲದ ಕ್ಯಾನ್ಸರ್ ರೋಗಿಗಳಿಗೆ ಮನೆಯಲ್ಲೇ ನೋವು ಶಮನ ಸೇವೆ ಕೋರಿ ಮನವಿ ಪತ್ರ

ಗೆ,
ಮಾನ್ಯ ನಿರ್ದೇಶಕರು,
ಆರೋಗ್ಯ ಸೇವೆಗಳ ನಿರ್ದೇಶನಾಲಯ, ಕಾಂಪಾಲ್, ಪಣಜಿ, ಗೋವಾ

ಮಾನ್ಯರೇ,

ನಾವು ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯಿಂದ ದುಡಿಯಲು ಬಂದು ಝುವಾರಿನಗರ, ಬೈನಾ, ವಾಸ್ಕೋ ಸುತ್ತ ನೆಲೆನಿಂತವರು. ಊರಲ್ಲಿ ಉಳಿದ ಅಜ್ಜ-ಅಜ್ಜಿಗೆ ಕ್ಯಾನ್ಸರ್ ಬಲಿತು, ‘ಇನ್ನು ಮನೆಗೆ ಕರಕೊಂಡು ಹೋಗ್ರಿ’ ಎಂದು ವೈದ್ಯರು ಹೇಳಿದ ಮೇಲೆ ಅವರನ್ನು ಇಲ್ಲಿಗೇ ಕರೆತರುತ್ತೇವೆ. ಅಪ್ಪ ಗಾರೆ ಕೆಲಸಕ್ಕೆ, ಅವ್ವ ಮನೆಗೆಲಸಕ್ಕೆ ಹೊರಟರೆ ಹಾಸಿಗೆ ಹಿಡಿದವರ ಬಳಿ ಉಳಿಯುವವಳು ಕಾಲೇಜು ಬಿಟ್ಟ ಮೊಮ್ಮಗಳು.

ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಮಾತ್ರೆ ಕೊಡುವವಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವವಳು ಅವಳೇ. ತಂಬಾಕಿನಿಂದಾದ ಬಾಯಿಹುಣ್ಣು ಕೆನ್ನೆ ಸೀಳಿ ಹೊರಬಂದಾಗ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿದರೆ ದುರ್ವಾಸನೆ ತಗ್ಗುತ್ತದೆ. ನಮ್ಮಲ್ಲಿ ಇದನ್ನು ಹೇಳಿಕೊಟ್ಟವರು ಪಕ್ಕದ ಮನೆಯವರು. ಗಂಜಿ ಇಳಿಯದ ಗಂಟಲಿಗೆ ಒತ್ತಾಯದಿಂದ ಸುರಿಯಬಾರದೆಂದು ಯಾರೂ ಹೇಳಲಿಲ್ಲ.

ಮಾರ್ಫಿನ್ ದುಬಾರಿ ಔಷಧವಲ್ಲ. ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ ಅದರ ಪರವಾನಗಿಯ ತೊಡಕನ್ನೂ ಸಡಿಲಿಸಿದೆ. ದುಬಾರಿಯಾಗುವುದು ಅದನ್ನು ತರಲು ಬಾಂಬೋಲಿಯ ದೊಡ್ಡ ಆಸ್ಪತ್ರೆಗೆ ಹೋದ ದಿನದ ಕೂಲಿ. ಆದ್ದರಿಂದ ಚಿಕಾಲಿಂ ಉಪಜಿಲ್ಲಾ ಆಸ್ಪತ್ರೆ ಹಾಗೂ ಕೊರ್ಟಾಲಿಂ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆ ಸದಾ ದಾಸ್ತಾನಿರಲಿ. ರೋಗಿಯನ್ನು ಎದುರಿಗೆ ತರಲೇಬೇಕೆಂದು ಪಟ್ಟು ಹಿಡಿಯದೆ ಆರೈಕೆ ಮಾಡುವವರ ಕೈಗೇ ಕೊಡಲಿ. ವಾರಕ್ಕೊಮ್ಮೆಯಾದರೂ ದಾದಿಯೊಬ್ಬರು ಮನೆಗೆ ಬರಲಿ, ಕನ್ನಡ ಬಲ್ಲವರಾದರೆ ಇನ್ನೂ ಒಳಿತು: ನೋವು ಎಲ್ಲಿ, ಎಂಥದ್ದು ಎಂಬುದನ್ನು ಅಜ್ಜಿ ಕೊಂಕಣಿಯಲ್ಲಿ ಹೇಳಲಾರಳು. ಕೇರಳ 2008ರಲ್ಲೇ ನೀತಿ ರೂಪಿಸಿ ಪಂಚಾಯಿತಿಗಳ ಮೂಲಕ ಇಂಥ ಸೇವೆಯನ್ನು ಮನೆಬಾಗಿಲಿಗೆ ಒಯ್ದಿದೆ. ಲೌಟೋಲಿಮ್‌ನ ಶಾಂತಿ ಅವೇದನಾ ಸದನದಂಥ ಧಾಮಗಳ ಬಗ್ಗೆ ನಮಗೆ ಗೌರವವಿದೆ, ಆದರೆ ನಮ್ಮ ಹಿರಿಯರು ಕೇಳುವುದು ಮೊಮ್ಮಕ್ಕಳ ನಡುವಿನ ಸಾವನ್ನು.

ರಾಜ್ಯದ ಆರೋಗ್ಯ ವಿಮೆಯಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಐದು ವರ್ಷದ ವಾಸ್ತವ್ಯ ಬೇಕು. ವಾರಗಳನ್ನು ಎಣಿಸುತ್ತಿರುವವರಿಂದ ಐದು ವರ್ಷದ ದಾಖಲೆ ಕೇಳುವುದೆಂದರೇನು? ನೋವು ಶಮನದ ಮಟ್ಟಿಗಾದರೂ ಮಗನ ಅಥವಾ ಮೊಮ್ಮಗಳ ವಾಸ್ತವ್ಯ ಪತ್ರವನ್ನೇ ಒಪ್ಪಿಕೊಳ್ಳಬೇಕು. ಕಾರ್ಮಿಕರ ವಿಮೆಯ ಇಎಸ್‌ಐ ಕಾಯ್ದೆಯ ‘ಕುಟುಂಬ’ದಲ್ಲಿ ಅವಲಂಬಿತ ತಂದೆ-ತಾಯಿ ಇದ್ದರು, ಅಜ್ಜ-ಅಜ್ಜಿ ಇರಲಿಲ್ಲ. ಇಎಸ್‌ಐ ಚಿಕಿತ್ಸೆ ಅವರಿಗೂ ಸಿಗುವಂತೆ ಮಾಡಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ.

31 ಮೇ 2024ರಂದು ಬಾಂಬೆ ಹೈಕೋರ್ಟ್‌ನ ಗೋವಾ ಪೀಠದ ಅಂದಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ತಮ್ಮ ಲಿವಿಂಗ್ ವಿಲ್ (ಕೊನೆಗಾಲದ ಚಿಕಿತ್ಸೆ ಕುರಿತ ಮುಂಗಡ ನಿರ್ದೇಶನ) ನೋಂದಾಯಿಸಿದಾಗ ಘನತೆಯ ಸಾವಿನ ಬಗ್ಗೆ ಇಡೀ ದೇಶ ಮಾತಾಡಿತು. ಆ ಘನತೆ ಬಾಡಿಗೆ ಖೋಲಿಗೂ ಸಲ್ಲಬೇಕು. ಮನೆಯಲ್ಲಿ ಸಾವಾದರೆ ವೈದ್ಯಾಧಿಕಾರಿ ಅಲ್ಲಿಗೇ ಬಂದು ದೃಢೀಕರಿಸಲಿ. ಶವವನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವ ಗತಿ ಯಾರಿಗೂ ಬಾರದಿರಲಿ.

ಈ ಕುರಿತು ನಮ್ಮನ್ನು ಕರೆದು ಮಾತನಾಡಬೇಕೆಂದೂ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇವೆ. ಇಂಗ್ಲಿಷ್ ಮತ್ತು ಕೊಂಕಣಿ ಅನುವಾದ ಲಗತ್ತಿಸಿದೆ.

ಇಂತಿ,
ಮುರ್ಮಗೋವಾ ತಾಲ್ಲೂಕಿನ ಕನ್ನಡ ಕುಟುಂಬಗಳು

ಪ್ರತಿ: ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು